ಕನ್ಸೀಲರ್ ಹಚ್ಚಿದ್ರೆ ಕಣ್ಣಿನ ಕೆಳಗೆ ಬೂದಿ ಬಳಿದ ಹಾಗೆ ಕಾಣುತ್ತೆ, ಎಣ್ಣೆಗಪ್ಪು ಬಣ್ಣದವರು ಏನು ಮಾಡ್ತೀರಿ?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡಿದ್ದೆ, ಇವತ್ತು ಬರೀಲೇಬೇಕಾಯ್ತು. ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಇತ್ತು. ಆರತಕ್ಷತೆಗೆ ಅಂತ ಜೀವನದಲ್ಲಿ ಮೊದಲ ಸಲ ಕನ್ಸೀಲರ್, ಅದೇ ಕಪ್ಪು ಮುಚ್ಚೋ ಮೈಬಣ್ಣದ ಕ್ರೀಮ್, ತಗೊಂಡೆ. ಅಂಗಡಿ ಹುಡುಗಿ "ಕಣ್ಣಿನ ಕೆಳಗೆ ಹಚ್ಚೋದು ಎರಡು ಶೇಡ್ ತಿಳಿ ಇರ್ಬೇಕು ಮೇಡಂ, ಆಗ್ಲೇ ಬ್ರೈಟ್ ಕಾಣೋದು" ಅಂದ್ಲು. ನಂಬಿದೆ. ಮನೆ ಟ್ಯೂಬ್‌ಲೈಟಲ್ಲಿ ಪರವಾಗಿಲ್ಲ ಅನ್ನಿಸ್ತು. ಮೊನ್ನೆ ಫೋಟೋ ಬಂತು ನೋಡಿ, ಥೇಟ್ ಬೂದುಗುಂಬಳಕಾಯಿ! ಎರಡೂ ಕಣ್ಣಿನ ಕೆಳಗೆ ಅರ್ಧಚಂದ್ರದ ಹಾಗೆ ಬೂದು ಬಣ್ಣ. ನಮ್ಮಣ್ಣ ಆಲ್ಬಮ್ ನೋಡ್ತಾ "ವಿಭೂತಿ ಹಣೆಗಲ್ವೇನೇ ಹಚ್ಕೊಳ್ಳೋದು" ಅಂದ. ಇಡೀ ಮನೆ ನಕ್ಕಿದ್ದು ಇನ್ನೂ ನಿಂತಿಲ್ಲ.

ನನ್ನ ಬಣ್ಣ ಎಣ್ಣೆಗಪ್ಪಿಗಿಂತ ಒಂದು ಸ್ವಲ್ಪ ಈಚೆ. ಬಂಗಾರ ಹಾಕಿದ್ರೆ ಒಪ್ಪುತ್ತೆ, ಬೆಳ್ಳಿ ಅಷ್ಟಕ್ಕಷ್ಟೆ. ಒಂದ್ಸಲ ಬೆಂಗಳೂರಿನ ಮಾಲ್‌ನಲ್ಲಿ ಮ್ಯಾಕ್ ಅನ್ನೋ ಮೇಕಪ್ ಕಂಪನಿಯವರು ನೋಡಿ ನನ್ನ ಶೇಡ್ ಎನ್‌ಸಿ 44 ಅಂದಿದ್ರು. ಕಣ್ಣಿನ ಕೆಳಗಿನ ಕಪ್ಪು ನಮ್ಮಮ್ಮನಿಗೂ ಇದೆ, ಅಜ್ಜಿಗೂ ಇತ್ತು. ಇನ್ನು ಮೂರು ವಾರಕ್ಕೆ ತಮ್ಮನ ನಿಶ್ಚಿತಾರ್ಥ. ನಾನು ಎಲ್ಲಿ ತಪ್ಪಿದೆ? ಇನ್ನೂ ದಪ್ಪಗೆ ಹಚ್ಬೇಕಿತ್ತಾ?

ಸಂಜೆಮಲ್ಲಿಗೆ

ದಪ್ಪಗೆ ಹಚ್ಚಿದ್ರೆ ಬೂದಿ ಜಾಸ್ತಿ ಆಗ್ತಿತ್ತು ಅಷ್ಟೆ ಕಣಮ್ಮ. ನಾನೂ ನಿನ್ನ ಬಣ್ಣವೇ. ಮೈಸೂರಲ್ಲಿ ಡಿಗ್ರಿ ಓದೋವಾಗ ಎರಡು ವರ್ಷ ಹಾಗೇ ಓಡಾಡಿದ್ದೀನಿ, ಯಾರೂ ಹೇಳ್ಲಿಲ್ಲ.

ನೀರು ಬೆರೆಸಿದ ಹಾಲನ್ನ ಸ್ಟೀಲ್ ಲೋಟಕ್ಕೆ ಹಾಕಿದ್ರೆ ಅಂಚಲ್ಲಿ ನೀಲಿ ಹೊಡೆಯುತ್ತಲ್ಲ, ನಿನ್ನ ಮುಖದ ಮೇಲೆ ಆಗಿದ್ದು ಅದೇ. ತಿಳಿ ಶೇಡ್‌ಗಳಲ್ಲಿ ಟೈಟಾನಿಯಂ ಡಯಾಕ್ಸೈಡ್ ಅನ್ನೋ ಬಿಳಿ ಪುಡಿ ಜಾಸ್ತಿ ಇರುತ್ತೆ. ಗೋಡೆ ಪೇಂಟಿಗೆ ಹಾಕೋ ಬಿಳಿಯೂ ಅದೇ. ಕಪ್ಪಿನ ಮೇಲೆ ಬಿಳಿಯನ್ನ ತೆಳ್ಳಗೆ ಹರಡಿದ್ರೆ ಕಣ್ಣಿಗೆ ನೀಲಿ-ಬೂದು ಅಂತ ಕಾಣುತ್ತೆ. ನಮ್ಮ ಕಣ್ಣಿನ ಕೆಳಗೆ ಮೊದಲೇ ಕಂದು ಇದೆ, ಅದರೊಳಗೆ ನೀಲಿ ಛಾಯೆ ಇದೆ. ಅದರ ಮೇಲೆ ಇನ್ನೊಂದು ನೀಲಿ ಎಳೆದ ಹಾಗಾಯ್ತು.

ಆದ್ದರಿಂದ ಕನ್ಸೀಲರ್‌ಗಿಂತ ಮುಂಚೆ ಕರೆಕ್ಟರ್, ಅಂದ್ರೆ ಆ ನೀಲಿ ಹೊಡೆಯೋ ಬಣ್ಣದ ಕ್ರೀಮ್ ಬೇಕು, ಅದೂ ಕಿತ್ತಳೆ ಬಣ್ಣದ್ದು. ಬಣ್ಣದ ಚಕ್ರದಲ್ಲಿ ನೀಲಿಗೆ ಎದುರು ಕೂತಿರೋದು ಕಿತ್ತಳೆ, ಒಂದನ್ನ ಇನ್ನೊಂದು ಹೊಡೆದು ಹಾಕುತ್ತೆ. ಬೆಳ್ಳಗಿರೋರಿಗೆ ಪೀಚ್ ಸಾಕು. ನಮ್ಮಂಥವರಿಗೆ ಪೀಚ್ ಹಚ್ಚಿದ್ರೆ ಮತ್ತೆ ಬೂದಿನೇ, ಕಿತ್ತಳೆಯೇ ಬೇಕು. ಇನ್ನೂ ಕಪ್ಪಗಿರೋರಿಗೆ ಕೆಂಪು ತಿರುಗಿದ ಕಿತ್ತಳೆ. ಕರೆಕ್ಟರ್ ಮೇಲೆ ನಿನ್ನ ಮೈಬಣ್ಣದ್ದೇ ಕನ್ಸೀಲರ್. ಎರಡು ಶೇಡ್ ತಿಳಿ ಅನ್ನೋ ಮಾತನ್ನ ಮರೆತುಬಿಡು.

ಕಾಡಿಗೆ_ಡಬ್ಬಿ

ಅಕ್ಕ, ಎನ್‌ಸಿಯಲ್ಲಿ 'ಸಿ' ಅಂದ್ರೆ ಕೂಲ್, ಗುಲಾಬಿ-ನೀಲಿ ಛಾಯೆ ಅಲ್ವಾ? ಹಾಗಿದ್ರೆ ಅವರಿಗೆ ಬಂಗಾರ ಹೇಗೆ ಒಪ್ಪುತ್ತೆ?

ಸಂಜೆಮಲ್ಲಿಗೆ

@ಕಾಡಿಗೆ_ಡಬ್ಬಿ ಎಲ್ಲರೂ ಮುಗ್ಗರಿಸೋ ಜಾಗ ಅದು. ಮ್ಯಾಕ್‌ನವರ ಲೆಕ್ಕದಲ್ಲಿ ಎನ್‌ಸಿಯಲ್ಲಿ 'ಕೂಲ್' ಇದ್ರೂ ಅದು ಹಳದಿ-ಬಂಗಾರದ ಛಾಯೆ ಇರೋ ಮೈಬಣ್ಣಕ್ಕೆ. ಎನ್‌ಡಬ್ಲ್ಯೂ ಗುಲಾಬಿ ಛಾಯೆಯವರಿಗೆ. ಬೇರೆ ಕಂಪನಿಗಳಲ್ಲಿ 'ಡಬ್ಲ್ಯೂ' ಇದ್ರೆ ಸಾಮಾನ್ಯವಾಗಿ ವಾರ್ಮ್, ಹಳದಿ ಛಾಯೆ ಅಂತಲೇ ಅರ್ಥ. ಮ್ಯಾಕ್‌ನದು ಮಾತ್ರ ಉಲ್ಟಾ.

ಇನ್ನೊಂದು, ಮೈಬಣ್ಣದ ಛಾಯೆ ತಿಳಿಯೋಕೆ ಮಣಿಕಟ್ಟಿನ ನರ ಹಸಿರಾ ನೀಲಿನಾ ಅಂತ ನೋಡೋ ಪರೀಕ್ಷೆ ನಂಬ್ಬೇಡಿ. ನಮ್ಮ ಬಣ್ಣದಲ್ಲಿ ಬಹಳ ಜನರದ್ದು ಹಸಿರೇ ಕಾಣುತ್ತೆ, ಕಂಡ್ರೆ.

ಹುಬ್ಬಳ್ಳಿಯಾಕಿ

ನಾ ಹುಬ್ಬಳ್ಳ್ಯಾಗ ಹನ್ನೊಂದು ವರ್ಷದಿಂದ ಪಾರ್ಲರ್ ನಡಸ್ತೀನ್ರಿ. ಆ ಅಂಗಡಿ ಹುಡುಗಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧಾ ಮಾತು ಹೇಳ್ಯಾಳ. ಕಿತ್ತಳಿ ಹಚ್ಚಿ ಕಪ್ಪು ಮುಚ್ಚಿದ ಮ್ಯಾಲೆ ಒಂದ ಒಂದು ಶೇಡ್ ತಿಳಿ ಇರೋ ಕನ್ಸೀಲರ್ ಹಚ್ಚಿದ್ರ ಫೋಟೋದಾಗ ಮುಖ ಎದ್ದು ಕಾಣ್ತದ. ಸಂಜೆಮಲ್ಲಿಗಿ ಅಕ್ಕಾರು ಅದನ್ನೂ ಬ್ಯಾಡ ಅಂತಾರ, ಅದಕ್ಕ ನಂದು ತಕರಾರು ಐತಿ. ಆದ್ರ ಒಂದ ಶೇಡ್, ಅದೂ ಮೂಗಿನ ಬಾಜೂಕಿನ ಮೂಲಿಯೊಳಗ ಅಷ್ಟ. ಕಿವಿ ತನಕ ತ್ರಿಕೋನ ಬಳಕೋಬ್ಯಾಡ್ರಿ, ಆ ಫ್ಯಾಷನ್ ನಮ್ಮ ಮುಖಕ್ಕ ಆಗಂಗಿಲ್ಲ.

ಹಚ್ಚೂ ರೀತಿ ಹೇಳ್ತೀನಿ. ಮೊದಲು ಮುಖಾ ತೊಳಕೊಂಡು ಕಣ್ಣಿನ ಕೆಳಗ ತೆಳ್ಳಗ ಮಾಯಿಶ್ಚರೈಸರ್. ಹಚ್ಚಿದ ಕೂಡ್ಲೇ ಬಣ್ಣಕ್ಕ ಕೈ ಹಾಕಬ್ಯಾಡ್ರಿ, ಐದು ನಿಮಿಷ ಬಿಡ್ರಿ, ಚಾ ಕುಡೀರಿ. ಇಲ್ಲಂದ್ರ ಮ್ಯಾಲಿಂದು ಎಲ್ಲಾ ಜಾರತದ. ಆಮ್ಯಾಲೆ ಕಿತ್ತಳಿ ಕರೆಕ್ಟರ್ ಸಾಸಿವಿ ಕಾಳಿನಷ್ಟ ತಗೋರಿ. ಎರಡೂ ಕಣ್ಣಿಗೆ ಸೇರಿ ಅಷ್ಟ. ಎಲ್ಲಿ ಕಪ್ಪು ಐತೋ ಅಲ್ಲಿ ಮಾತ್ರ. ಉಂಗುರದ ಬಟ್ಟಲೆ ಬಡದು ಬಡದು ಕೂಡಸ್ರಿ, ಎಳೀಬ್ಯಾಡ್ರಿ. ಆ ಬಟ್ಟಿಗೆ ಜೋರು ಕಡಿಮಿ ಇರತದ, ಅದಕ್ಕ ಆ ಬಟ್ಟು. ಕನ್ನಡಿ ನೋಡಿದ್ರ ಕಿತ್ತಳಿ ಕಾಣಬಾರದು, ಕಪ್ಪು ಹೋಗಿ ಮೈಬಣ್ಣದ ಹತ್ತಿರ ಬಂದಿರಬೇಕು. ಕಿತ್ತಳಿ ಕಾಣಾಕತ್ತಿದ್ರ ಜಾಸ್ತಿ ಆತು ಅಂತ.

ಅದರ ಮ್ಯಾಲೆ ಕನ್ಸೀಲರ್, ಹಸಿ ಮಾಡಿ ಹಿಂಡಿದ ಸ್ಪಂಜಿನಿಂದ ಒತ್ತಿ ಒತ್ತಿ. ತಿಕ್ಕಿದ್ರೋ, ಕೆಳಗಿನ ಕಿತ್ತಳಿ ಕಲಸಿ ಹೋಳಿ ಹಬ್ಬ ಆಗ್ತದ. ಪೌಡರ್ ಹಾಕೂ ಮುಂದ ಮ್ಯಾಲೆ ನೋಡ್ರಿ, ಕಣ್ಣಿನ ಕೆಳಗಿನ ಗೆರಿಯೊಳಗ ಕನ್ಸೀಲರ್ ಕುಂತಿರತದ, ಅದನ್ನ ಬಟ್ಟಲೆ ಒತ್ತಿ ತಗದು ಆಮ್ಯಾಲೆ ಪೌಡರ್. ಒಂದೀಟ.

ಮದುವಿ ಮನ್ಯಾಗ ನಮ್ಮ ಕಷ್ಟ ಬ್ಯಾರೇನ ಐತ್ರಿ. ಹುಡುಗಿ ಕುರ್ಚಿಮ್ಯಾಲೆ ಕುಂತಿರತಾಳ, ಹಿಂದ ಅತ್ತಿ, ಅತ್ತಿ ಹಿಂದ ಅಬಚಿ. "ಸ್ವಲ್ಪ ಬೆಳ್ಳಗ ಮಾಡ್ರೆಲಾ." ಮೈಬಣ್ಣಕ್ಕ ಸರಿ ಮಾಡಿದ್ರ "ರೊಕ್ಕಾ ತಗೊಂಡು ಏನೂ ಮಾಡಿಲ್ಲ ಇಕಿ" ಅಂತಾರ. ಕುತ್ತಿಗಿ ಒಂದು ಬಣ್ಣ, ಮುಖ ಒಂದು ಬಣ್ಣ ಮಾಡಿ ಕಳಿಸಿದ ದಿನ ಬಕ್ಷೀಸ್ ಸಿಗ್ತದ. ಏನ್ ಮಾಡೂದು ಹೇಳ್ರಿ.

ಚೌಕಿಮನೆ

ಗಂಡಸರಿಗೆ ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಹೆಂಡತಿ ಓದುವಾಗ ಕಣ್ಣು ಹಾಯಿಸಿದೆ. ನಾನು ಉಡುಪಿ ಕಡೆಯವ, ಹವ್ಯಾಸಿ ಯಕ್ಷಗಾನ ವೇಷಧಾರಿ. ನಮ್ಮಲ್ಲಿ ಚೌಕಿಯಲ್ಲಿ, ಅಂದರೆ ವೇಷ ಹಾಕುವ ಜಾಗದಲ್ಲಿ ಕೂತು ಮುಖಕ್ಕೆ ಬಣ್ಣ ನಾವೇ ಹಾಕಿಕೊಳ್ಳುವುದು. ಹೊಸ ಹುಡುಗರು ಮಾಡುವ ಮೊದಲ ತಪ್ಪು ನಿಮ್ಮದೇ ಮಾರಾಯ್ರೆ. ಬಿಳಿ ಜಾಸ್ತಿ ತೆಗೆದುಕೊಂಡು ಮುಖಕ್ಕೆ ಬಳಿಯುವುದು, ಆಮೇಲೆ ಲೈಟಿನ ಎದುರು ಹೆಣದ ಹಾಗೆ ಕಾಣುವುದು.

ಹಳೆಯವರು ಸಫೇತಿಗೆ, ಅಂದರೆ ಬಿಳಿ ಬಣ್ಣಕ್ಕೆ, ಅರದಾಳದ ಹಳದಿ, ಇಂಗಳೀಕದ ಕೆಂಪು ಬೆರೆಸಿಯೇ ಮುಖದ ಬಣ್ಣ ಮಾಡುತ್ತಿದ್ದದ್ದು. ಬರೀ ಬಿಳಿ ನಮ್ಮ ಚರ್ಮದ ಮೇಲೆ ನೀಲಿ ಹೊಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. (ಅರದಾಳದಲ್ಲಿ ಆರ್ಸೆನಿಕ್ ಉಂಟು, ಇಂಗಳೀಕದಲ್ಲಿ ಪಾದರಸ. ಪ್ರಯೋಗ ಮಾಡಲು ಹೋಗಬೇಡಿ!) ಈಗ ಕ್ರಯೋಲಾನ್‌ನಂಥ ರಂಗಭೂಮಿಯ ಬಣ್ಣಗಳು ಸಿಗುತ್ತವೆ, ಅದರಲ್ಲೂ ಕಿತ್ತಳೆ ಉಂಟು. ಆದರೆ ಒಂದು ಮಾತು, ನಮ್ಮ ಬಣ್ಣ ಹತ್ತು ಮಾರು ದೂರ ಕೂತವರಿಗೆ ಕಾಣಬೇಕು. ನಿಮ್ಮದು ಎದುರು ನಿಂತು ಮಾತಾಡುವವರಿಗೆ. ಅದೇ ಬಣ್ಣದ ಕಡ್ಡಿಯನ್ನು ಅಷ್ಟೇ ದಪ್ಪಕ್ಕೆ ಹಚ್ಚಿದರೆ ನಿಶ್ಚಿತಾರ್ಥಕ್ಕೆ ಮಹಿಷಾಸುರ ಬಂದ ಹಾಗೆ ಆದೀತು.

ದಾವಣಗೆರೆ_ಬೆಣ್ಣೆ

@ಚೌಕಿಮನೆ ಅಣ್ಣಾ, ಬೂದುಗುಂಬಳಕಾಯಿಯಿಂದ ಮಹಿಷಾಸುರನಿಗೆ ಬಡ್ತಿ ಬೇಡ ನಂಗೆ 😄 ಆದ್ರೆ ಈಗ ಅರ್ಥ ಆಯ್ತು.

ತುಂಗಾತೀರ

ನನಗೆ ಅರವತ್ತು ದಾಟಿದೆ. ನನಗೂ ಈ ಕಪ್ಪು ಇದೆ, ಒಂದು ದಿನವೂ ಮುಚ್ಚಿಲ್ಲ. ಅದೂ ಒಂದು ರೋಗ ಎಂದು ನಿಮಗೆಲ್ಲ ಹೇಳಿಕೊಟ್ಟವರು ಯಾರು? ಕಾಡಿಗೆ ಹಚ್ಚಿಕೊಂಡರೆ ಕಣ್ಣೇ ಎದ್ದು ಕಾಣುತ್ತದೆ, ಕೆಳಗೆ ಯಾರು ನೋಡುತ್ತಾರೆ?

ಕಾಡಿಗೆ_ಡಬ್ಬಿ

ಆಂಟಿ, ನೀವು ಹೇಳೋದು ಸರಿ, ಆದ್ರೆ ಆ ಕಾಡಿಗೆಯೇ ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದು ಕಪ್ಪನ್ನ ಡಬಲ್ ಮಾಡೋದು. ನನ್ನ ಹೆಸರು ನೋಡಿ, ಅನುಭವದ ಮಾತು.

ಪಿಜಿ_ಹಾಸ್ಟೆಲ್_ಊಟ

ಡಾಕ್ಟರ್ ನಾನು, ಚರ್ಮರೋಗ ವಿಭಾಗದಲ್ಲಿ ಪಿಜಿ (ಸ್ನಾತಕೋತ್ತರ) ಮಾಡ್ತಿದ್ದೀನಿ, ಹೆಸರೇ ಹೇಳೋ ಹಾಗೆ ಹೊಟ್ಟೆಗೆ ಸರಿಯಿಲ್ಲ. ತುಂಗಾತೀರ ಅಮ್ಮನವರು ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮ ಕಡೆ ಇದು ಬಹಳ ಜನಕ್ಕೆ ವಂಶದಿಂದ ಬರೋದು, ರೋಗ ಅಲ್ಲ. @ದಾವಣಗೆರೆ_ಬೆಣ್ಣೆ ಅಜ್ಜಿ, ಅಮ್ಮ, ನೀವು, ಮೂರು ತಲೆಮಾರು ಆಯ್ತಲ್ಲ.

ಆದ್ರೆ ಎಲ್ಲ ಕಪ್ಪೂ ಒಂದೇ ಅಲ್ಲ. ಕಿಟಕಿ ಹತ್ತಿರ ಕೈಗನ್ನಡಿ ಹಿಡ್ಕೊಂಡು ಕಣ್ಣಿನ ಕೆಳಗಿನ ಚರ್ಮವನ್ನ ಮೆಲ್ಲಗೆ ಪಕ್ಕಕ್ಕೆ ಎಳೆದು ನೋಡಿ. ಕಂದು ಹಾಗೇ ಉಳಿದ್ರೆ ಅದು ಚರ್ಮದ ಬಣ್ಣವೇ, ಅಂದ್ರೆ ಮೆಲನಿನ್. ನೇರಳೆ-ನೀಲಿ ಎದ್ದು ಕಂಡ್ರೆ ಕೆಳಗಿನ ರಕ್ತನಾಳಗಳು ಕಾಣ್ತಿವೆ. ಅಲ್ಲಿನ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ದೇಹದಲ್ಲೇ ಅತಿ ತೆಳು ಜಾಗಗಳಲ್ಲಿ ಒಂದು. ಮುಖವನ್ನ ಬೆಳಕಿನ ಕಡೆ ಎತ್ತಿದಾಗ ಕಪ್ಪು ಮಾಯ ಆದ್ರೆ ಅದು ಬಣ್ಣವೇ ಅಲ್ಲ, ಕಣ್ಣಿನ ಕೆಳಗಿನ ತಗ್ಗಿನ ನೆರಳು. ಬಹಳಷ್ಟು ಜನರಲ್ಲಿ ಇವೆಲ್ಲ ಬೆರೆತಿರುತ್ತೆ.

ಕನ್ಸೀಲರ್‌ಗೂ ಇದಕ್ಕೂ ಏನು ಸಂಬಂಧ ಅಂದ್ರೆ, ನೆರಳಿಗೆ ಕಿತ್ತಳೆ ಕೆಲಸ ಮಾಡಲ್ಲ. ತಗ್ಗಿನ ಗೆರೆ ಮೇಲೆ ಮಾತ್ರ ಒಂದು ಶೇಡ್ ತಿಳಿ ಬೇಕಾಗೋದು ಅಲ್ಲಿ. ಹುಬ್ಬಳ್ಳಿ ಅಕ್ಕನವರಿಗೂ ಸಂಜೆಮಲ್ಲಿಗೆ ಅಕ್ಕನವರಿಗೂ ಇರೋ ಜಗಳ ಬಹುಶಃ ಇದೇ, ಇಬ್ಬರೂ ಬೇರೆ ಬೇರೆ ಕಣ್ಣುಗಳ ಬಗ್ಗೆ ಮಾತಾಡ್ತಿದ್ದೀರಿ.

ಇನ್ನೆರಡು ಮಾತು. ಇತ್ತೀಚೆಗೆ ಕಪ್ಪು ಜಾಸ್ತಿ ಆಗಿದ್ದು, ಜೊತೆಗೆ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು ಇದ್ರೆ ಹಿಮೋಗ್ಲೋಬಿನ್ ನೋಡಿಸಿ. ಅಲರ್ಜಿ ಇದ್ದು ಕಣ್ಣುಜ್ಜೋ ಅಭ್ಯಾಸ ಇದ್ರೆ ಮೊದಲು ಅಲರ್ಜಿಗೆ ಔಷಧಿ, ಉಜ್ಜಿದಷ್ಟೂ ಕಪ್ಪಾಗುತ್ತೆ. ನಿಂಬೆರಸ ಅಂತೂ ಕಣ್ಣಿನ ಹತ್ತಿರ ಬೇಡವೇ ಬೇಡ. ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ "ಬೆಳ್ಳಗಾಗೋ ಕ್ರೀಮ್" ಇನ್ನೂ ಅಪಾಯ, ಎಷ್ಟೋ ಸಲ ಅದರಲ್ಲಿ ಸ್ಟಿರಾಯ್ಡ್ ಇರುತ್ತೆ. ಹಚ್ಚುವ ಸ್ಟಿರಾಯ್ಡ್‌ಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ, ಆದ್ರೂ ಓಪಿಡಿಗೆ ವಾರಕ್ಕೆ ಎಷ್ಟು ಮುಖಗಳು ಬರ್ತಾವೆ ಅಂತ ನಮಗೇ ಗೊತ್ತು.

ಬಿಸಿಲುಕುದುರೆ

ದುಬೈಯಿಂದ. ಇಲ್ಲಿ ಬಂದ ಮೇಲೆ ನನ್ನ ಶೇಡ್ ಅನ್ನೋದು ಒಂದಿದೆ ಅಂತ ಗೊತ್ತಾಗಿದ್ದು. ಊರಲ್ಲಿದ್ದಾಗ ಅಂಗಡಿಯವರ ಹತ್ತಿರ ಇದ್ದಿದ್ದು ಮೂರೇ ಮೂರು, ಬಿಳಿ, ಇನ್ನೂ ಬಿಳಿ, ಮತ್ತೆ "ಮೀಡಿಯಂ" ಅನ್ನೋ ಗುಲಾಬಿ. 2017ರಲ್ಲಿ ಫೆಂಟಿ ಬ್ಯೂಟಿ ಅನ್ನೋ ಮೇಕಪ್ ಕಂಪನಿ ಒಂದೇ ಏಟಿಗೆ 40 ಶೇಡ್ ಫೌಂಡೇಶನ್ (ಇಡೀ ಮುಖಕ್ಕೆ ಹಚ್ಚೋ ಬಣ್ಣ) ತಂದ ಮೇಲೆ ಉಳಿದ ಕಂಪನಿಗಳಿಗೂ ನಾಚಿಕೆ ಆಯ್ತು ಅನ್ಸುತ್ತೆ. ಈಗ ಊರಲ್ಲೂ ಪರವಾಗಿಲ್ಲ, ಆದ್ರೆ ಕಂಪನಿ ಮಾಡೋದು ಬೇರೆ, ನಮ್ಮೂರ ಅಂಗಡಿಯವನು ತರಿಸೋದು ಬೇರೆ.

ಕಿತ್ತಳೆ ಕರೆಕ್ಟರ್‌ಗೆ ನಾನು ಎಲ್‌ಎ ಗರ್ಲ್ ಪ್ರೋ ಕನ್ಸೀಲ್‌ನ ಆರೆಂಜ್ ಬಳಸ್ತೀನಿ. ದುಬಾರಿ ಅಲ್ಲ, ಆದ್ರೆ ನೀರು ನೀರು, ಬ್ರಶ್ಶಲ್ಲಿ ಒಂದೇ ಚುಕ್ಕಿ ಸಾಕು. ಬಾಬಿ ಬ್ರೌನ್‌ದು ಡಬ್ಬಿಯಲ್ಲಿ ಬರೋ ಕ್ರೀಮ್ ಕರೆಕ್ಟರ್ ಗಟ್ಟಿ, ಒಣ ಚರ್ಮದವರಿಗೆ ಹಿತ, ಜೇಬಿಗೆ ಹಿತ ಅಲ್ಲ.

ಕಾಡಿಗೆ_ಡಬ್ಬಿ

ಕಾಲೇಜು ಹುಡುಗಿ ನಾನು, ಎರಡೆರಡು ಟ್ಯೂಬ್ ತಗೊಳ್ಳೋಕೆ ದುಡ್ಡಿಲ್ಲ. ಕೆಂಪು ಲಿಪ್‌ಸ್ಟಿಕ್ಕನ್ನೇ ಕಣ್ಣಿನ ಕೆಳಗೆ ಹಚ್ಚಿ ಮೇಲೆ ಕನ್ಸೀಲರ್ ಹಾಕೋ ವಿಡಿಯೋ ನೋಡಿದೆ. ಹಾಗೆ ಮಾಡ್ಬಹುದಾ?

ಬಿಸಿಲುಕುದುರೆ

@ಕಾಡಿಗೆ_ಡಬ್ಬಿ ಆ ವಿಡಿಯೋ ಮೂಲ ದೀಪಿಕಾ ಮುತ್ಯಾಲ ಅವರದು, 2015ರದು. ಭಾರತೀಯ ಮೂಲದ ಅಮೆರಿಕದ ಹುಡುಗಿ, ಲಕ್ಷಗಟ್ಟಲೆ ಜನ ನೋಡಿದ್ರು. ಆಮೇಲೆ ಲೈವ್ ಟಿಂಟೆಡ್ ಅಂತ ತಮ್ಮದೇ ಕಂಪನಿ ಮಾಡಿ ಅದಕ್ಕಂತಲೇ ಬಣ್ಣದ ಕಡ್ಡಿ ತಂದ್ರು. ತತ್ವ ಸರಿ, ಲಿಪ್‌ಸ್ಟಿಕ್ ಮಾತ್ರ ಒಂದ್ಸಲದ ಉಪಾಯ.

ಪಿಜಿ_ಹಾಸ್ಟೆಲ್_ಊಟ

ತುಟಿಗೆ ಹಾಕೋ ಕೆಲವು ಕೆಂಪು ಬಣ್ಣಗಳನ್ನ ಕಣ್ಣಿನ ಸುತ್ತ ಬಳಸೋಕೆ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ದಿನಾ ಬೇಡ. ಮ್ಯಾಟ್ ಲಿಪ್‌ಸ್ಟಿಕ್ ಆದ್ರೆ ಒಣಗಿ ಗೆರೆ ಗೆರೆ ಬಿಡುತ್ತೆ, ತೆಗೆಯೋಕೆ ಉಜ್ಜಬೇಕು, ಉಜ್ಜಿದ್ರೆ ಏನಾಗುತ್ತೆ ಅಂತ ಮೇಲೆ ಬರೆದಿದ್ದೀನಿ.

ಸಂಜೆಮಲ್ಲಿಗೆ

@ಕಾಡಿಗೆ_ಡಬ್ಬಿ ಒಂದೇ ಕೊಳ್ಳೋಕಾಗೋದು ಅಂದ್ರೆ ಕಿತ್ತಳೆ ತಗೋ ಪುಟ್ಟಿ, ಕನ್ಸೀಲರ್ ಬಿಡು. ಕಿತ್ತಳೆಯನ್ನ ತೆಳ್ಳಗೆ ಹಚ್ಚಿ ಮೇಲೆ ನಿನ್ನ ಬಣ್ಣದ ಪೌಡರ್ ಒತ್ತು. ಕಾಲೇಜಿಗೆ ಅಷ್ಟು ಸಾಕು. ನಾನು ಭಾನುವಾರಗಳಲ್ಲಿ ಈಗಲೂ ಅಷ್ಟೇ.

@ದಾವಣಗೆರೆ_ಬೆಣ್ಣೆ ಕೊಳ್ಳೋಕೆ ಹೋಗೋವಾಗ ಹಗಲು ಹೊತ್ತು ಹೋಗು. ಕೈ ಹಿಂಭಾಗಕ್ಕೆ ಹಚ್ಚಿ ನೋಡ್ಬೇಡ, ಕೈ ಬಣ್ಣವೇ ಬೇರೆ. ಕೆನ್ನೆಯ ಮೇಲ್ಭಾಗ, ಕಣ್ಣಿನ ಕಪ್ಪು ಮುಗಿಯೋ ಜಾಗದಲ್ಲಿ ಎರಡು ಮೂರು ಶೇಡ್ ಗೀಟು ಎಳೆಸ್ಕೊಂಡು ಹೊರಗೆ ಬಾ. ಕಾಲು ಗಂಟೆ ತಿರುಗಾಡು. ಕೆಲವು ಗಾಳಿಗೆ ಒಡ್ಡಿದ ಮೇಲೆ ಒಂದು ಮಟ್ಟ ಕಪ್ಪಾಗ್ತಾವೆ, ಕೆಲವು ಕೆಂಪಾಗ್ತಾವೆ. ಆಗಲೂ ಕಾಣದ ಹಾಗೆ ಚರ್ಮದಲ್ಲಿ ಸೇರಿಹೋಗಿರೋ ಗೀಟೇ ನಿನ್ನದು. ಹೆಸರಲ್ಲಿ ಹನಿ, ಕ್ಯಾರಮೆಲ್, ಆಲ್ಮಂಡ್ ಅಂತ ಇರೋದನ್ನ ಮೊದಲು ನೋಡು. ಮೇಬೆಲಿನ್ ಕಂಪನಿಯ ಫಿಟ್ ಮಿ ಕನ್ಸೀಲರ್‌ನ 25 ಮೀಡಿಯಂ ಎನ್‌ಸಿ 44ಕ್ಕೆ ತಿಳಿ ಆಗುತ್ತೆ ಅಂತ ನನ್ನ ಅನುಭವ, ಅದರ ಮುಂದಿನದು ನೋಡು. ಡಬ್ಬಿ ಮೇಲೆ ಬ್ಯಾಚ್ ನಂಬರ್, ತಯಾರಾದ ದಿನ, ವಿದೇಶದ್ದಾದ್ರೆ ಆಮದು ಮಾಡಿದವರ ವಿಳಾಸ ಇರ್ಲೇಬೇಕು. ಅರ್ಧ ಬೆಲೆಗೆ ಫುಟ್‌ಪಾತಲ್ಲಿ ಸಿಗೋ ಮ್ಯಾಕ್ ಮ್ಯಾಕ್ ಅಲ್ಲ.

ಹುಬ್ಬಳ್ಳಿಯಾಕಿ

ಪೌಡರ್ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಎಚ್‌ಡಿ ಅಂತ ಮಾರೂ ಬೆಳ್ಳಗಿನ ನುಣುಪು ಪೌಡರ್ ಕನ್ನಡ್ಯಾಗ ಕಾಣಂಗಿಲ್ಲ, ಫ್ಲ್ಯಾಶ್ ಹೊಡದ್ರ ಹಿಟ್ಟು ಚೆಲ್ಲಿದಂಗ ಕಾಣ್ತದ. ಅದರಾಗ ಸಿಲಿಕಾ ಅನ್ನೂ ಬಿಳಿ ಪುಡಿ ಇರತದ. ನಿಮ್ಮ ಆರತಕ್ಷತಿ ಫೋಟೋದಾಗ ಅದೂ ಸೇರಿರಬಹುದು. ಹಳದಿ ಅಥವಾ ಪೀಚ್ ಬಣ್ಣದ ಪೌಡರ್ ತಗೋರಿ. ತಯಾರಾದ ಮ್ಯಾಲೆ ದೀಪಾ ಆರಿಸಿ ಮೊಬೈಲಿನಾಗ ಫ್ಲ್ಯಾಶ್ ಹಾಕಿ ಒಂದು ಫೋಟೋ ತಗೊಂಡು ನೋಡ್ರಿ, ಫೋಟೋದವ ಹೊಡಿಯೂಕಿಂತ ಮೊದಲ ಗೊತ್ತಾಗ್ತದ.

ದಾವಣಗೆರೆ_ಬೆಣ್ಣೆ

ಮೂರು ವಾರ ಆಯ್ತು, ನಿಶ್ಚಿತಾರ್ಥ ಮುಗೀತು. ವರದಿ ಒಪ್ಪಿಸ್ತೀನಿ.

ಎಳೆದು ನೋಡಿದೆ ಡಾಕ್ಟ್ರೇ, ನನ್ನದು ಕಂದೇ, ಮೂಗಿನ ಪಕ್ಕ ಸ್ವಲ್ಪ ನೇರಳೆ. ಅಂಗಡಿಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಕೆನ್ನೆ ಮೇಲೆ ಮೂರು ಗೀಟು ಎಳೆಸ್ಕೊಂಡು ಹೊರಗೆ ಬಂದು ಪಕ್ಕದಲ್ಲೇ ಬೆಣ್ಣೆದೋಸೆ ತಿಂದೆ. ಸಪ್ಲೈಯರ್ ಹುಡುಗ ಮುಖ ಮುಖ ನೋಡ್ದ. ಕೈ ತೊಳೆಯೋ ಹೊತ್ತಿಗೆ ಕನ್ನಡಿ ನೋಡಿದ್ರೆ ಒಂದು ಗೀಟು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಂದು ಸುಣ್ಣದ ಹಾಗೆ ಹಾಗೇ ಇತ್ತು, ಒಂದು ಎಲ್ಲಿದೆ ಅಂತಲೇ ಗೊತ್ತಾಗ್ಲಿಲ್ಲ. ಅದನ್ನೇ ತಗೊಂಡೆ.

ಕಿತ್ತಳೆ ಜೊತೆ ಮೊದಲ ದಿನ ಫಜೀತಿ. ಸಾಸಿವೆ ಕಾಳು ಅಂದಿದ್ರಿ, ನಾನು ತೊಗರಿ ಕಾಳಿನಷ್ಟು ತಗೊಂಡೆ. ಯಾರೋ ಗುದ್ದಿದ ಹಾಗಾಯ್ತು. ಎರಡನೇ ದಿನ ಒಂದು ಚುಕ್ಕಿಯಲ್ಲಿ ಎರಡೂ ಕಣ್ಣು ಮುಗಿಸ್ದೆ. ಕಿತ್ತಳೆ ಕೂತ ಮೇಲೆ ಕಪ್ಪು ಹೋಗಲ್ಲ, ಕಪ್ಪಿನೊಳಗಿನ ಆ ನೀಲಿ ಹೋಗುತ್ತೆ, ಅಲ್ವಾ? ಅದು ಹೋದ ಮೇಲೆ ಕನ್ಸೀಲರ್ ಅರ್ಧಕ್ಕರ್ಧ ಕಮ್ಮಿ ಸಾಕಾಯ್ತು. ಅದನ್ನ ಯಾರೂ ಬರೆದಿರಲಿಲ್ಲ, ನಾನು ಬರೀತಿದ್ದೀನಿ.

ಹುಬ್ಬಳ್ಳಿ ಅಕ್ಕ ಹೇಳಿದ ಒಂದು ಶೇಡ್ ತಿಳಿಯನ್ನ ಎಡಗಣ್ಣಿಗೆ ಮಾತ್ರ ಹಚ್ಚಿ, ಬಲಗಣ್ಣಿಗೆ ಸಂಜೆಮಲ್ಲಿಗೆ ಅಕ್ಕನ ಲೆಕ್ಕ ಮಾಡಿ ಫೋಟೋ ತೆಗೆಸ್ದೆ. ಫ್ಲ್ಯಾಶಲ್ಲಿ ಎಡ ಚೆನ್ನಾಗಿತ್ತು, ಹಗಲಲ್ಲಿ ಬಲ. ನಿಶ್ಚಿತಾರ್ಥ ಬೆಳಿಗ್ಗೆ ಇದ್ದಿದ್ದರಿಂದ ಬಲ ಗೆದ್ದಿತು. ಕ್ಷಮಿಸಿ ಅಕ್ಕ.

ಊಟ ಮುಗಿಯೋ ಹೊತ್ತಿಗೆ ಗೆರೆಯಲ್ಲಿ ಸ್ವಲ್ಪ ಕೂತಿತ್ತು. ಟಿಶ್ಯೂ ಒತ್ತಿ ಬೆರಳಲ್ಲಿ ಸರಿ ಮಾಡ್ಕೊಂಡೆ, ಮತ್ತೆ ಪೌಡರ್ ಹಾಕ್ಲಿಲ್ಲ. ಅಣ್ಣ ಫೋಟೋ ನೋಡಿ ಏನೂ ಅನ್ಲಿಲ್ಲ, ಅವನ ಬಾಯಲ್ಲಿ ಅದೇ ದೊಡ್ಡ ಸರ್ಟಿಫಿಕೇಟು.

ಈಗ ಉಳಿದಿರೋದು ಒಂದೇ ಪ್ರಶ್ನೆ. ಆ ಹಳೇ ತಿಳಿ ಕನ್ಸೀಲರ್ ಟ್ಯೂಬ್ ಮುಕ್ಕಾಲು ಹಾಗೇ ಇದೆ. ಎಸೆಯೋಕೆ ಮನಸ್ಸಿಲ್ಲ, ನಾಲ್ಕು ದಿನದ ಪೆಟ್ರೋಲ್ ದುಡ್ಡು ಅದು.

ಹುಬ್ಬಳ್ಳಿಯಾಕಿ

ಸೋತಿದ್ದಕ್ಕ ಬ್ಯಾಸರಿಲ್ಲವ್ವಾ, ಸಂಜಿ ಕಾರ್ಯಕ್ರಮ ಇದ್ದಾಗ ಮತ್ತ ನೋಡೂಣು. ಟ್ಯೂಬ್ ಒಗೀಬ್ಯಾಡ. ಕಣ್ಣಿನ ರೆಪ್ಪಿಮ್ಯಾಲೆ ತೆಳ್ಳಗ ಹಚ್ಚಿ ಐಶ್ಯಾಡೋ ಹಾಕು, ಬಣ್ಣ ಎದ್ದು ಕಾಣ್ತದ. ಹುಬ್ಬಿನ ಕೆಳಗಿನ ಅಂಚಿಗೂ ಆಗ್ತದ. ಟ್ಯೂಬಿನ ಹಿಂದ ಮುಚ್ಚಳ ತಗದ ಡಬ್ಬಿ ಚಿತ್ರ ಇರತದ, ಅದರಾಗ 6 ಎಮ್ ಐತೋ 12 ಎಮ್ ಐತೋ ನೋಡು. ತಗದ ದಿನದಿಂದ ಅಷ್ಟ ತಿಂಗಳು ಅದರ ಆಯುಷ್ಯ. ತಾರೀಖು ಪೆನ್ನಿಲೆ ಟ್ಯೂಬ್ ಮ್ಯಾಲೆ ಬರದಿಡು.